ಡೆಲ್ಫಿಯ ಮೂತಿಬಟ್ಟಲು

ಇದರಲ್ಲಿ ಒಂದೇ ಒಂದು ಸುಳ್ಳಿದ್ದರೆ ನನ್ನ ಬಾಯಲ್ಲಿ ಉಳಿದಿರುವ ನಾಲ್ಕು ಹಲ್ಲೂ ಈಗಲೇ ಉದುರಿಹೋಗಲಿ. ಹೋದ ವಾರ ಆರಿದ್ದವು, ಒಪ್ಪುತ್ತೇನೆ. ಆ ಎರಡು ಹೋದದ್ದು ಮೀನಿನ ಕತೆ ಹೇಳುವಾಗ. ಇದು ಮೀನಿನ ಕತೆಯಲ್ಲ. ಇದು ನಡೆದದ್ದು, ನನ್ನ ಕಣ್ಣೆದುರಿಗೇ ನಡೆದದ್ದು. ನಂಬಿಕೆ ಇಲ್ಲದಿದ್ದರೆ ಎದ್ದು ಹೋಗು ಹುಡುಗಿ, ಆದರೆ ಮಡಿಲಲ್ಲಿರುವ ಅಲಸಂದೆ ಸುಲಿದಿಟ್ಟು ಹೋಗು.

ಆಗ ನನಗೆ ಒಂಬತ್ತು ವರ್ಷ. ಹತ್ತಿಯನ್ನು ಕೇಳುವವರೇ ಇಲ್ಲದೆ ಗಿಡದಲ್ಲೇ ಬಿಟ್ಟಿದ್ದ ವರ್ಷ ಅದು. ಈ ಸಾರೆಲ್ ಹಳ್ಳದ ದಂಡೆಯಲ್ಲಿ ನಾವು ಧಣಿಯ ಹೊಲವನ್ನು ಪಾಲಿಗೆ ಮಾಡುತ್ತಿದ್ದೆವು. ಬೆಳೆದದ್ದರಲ್ಲಿ ಅರ್ಧ ಧಣಿಗೆ, ಉಳಿದರ್ಧವೂ ಹೇಗೋ ಧಣಿಗೇ. ನಮ್ಮ ಸೊಪ್ಪಿನ ಸಾರು ಎಷ್ಟು ತೆಳ್ಳಗಿತ್ತೆಂದರೆ ತಟ್ಟೆಯ ತಳದಲ್ಲಿ ಬರೆದ ಕಂಪನಿಯ ಹೆಸರು ಓದಬಹುದಾಗಿತ್ತು, ಓದಲು ಬರುವವರು ಮನೆಯಲ್ಲಿ ಯಾರಾದರೂ ಇದ್ದಿದ್ದರೆ. ನಮ್ಮ ಮನೆಯ ಇಲಿಗಳು ಬೇಸತ್ತು ಪಕ್ಕದ ಮನೆಗೆ ಹೋಗಿ, ಅಲ್ಲಿಯ ಸ್ಥಿತಿ ನೋಡಿ ನಾಚಿಕೊಂಡು ವಾಪಸ್ ಬಂದವು.

ಮನೆಯಲ್ಲಿ ನಾವು ಮೂವರು. ಅಮ್ಮ ಕೆಜಾಯ ಲಾಕೆಟ್, ನನ್ನಕ್ಕ ಡೆಲ್ಫಿ, ನಾನು ಟೆಂಪಿ. ಅಪ್ಪ ನಾನು ನಡೆಯಲು ಕಲಿಯುವ ಮೊದಲೇ ಗರಗಸದ ಮಿಲ್ಲಿನಲ್ಲಿ ಹೋಗಿಬಿಟ್ಟಿದ್ದ. ಅಮ್ಮ ಹೊಲದ ಕೆಲಸದ ಜೊತೆಗೆ ಬಿಳಿಯರ ಮನೆಗಳ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಬೆಳೆಸಿದವಳು ಡೆಲ್ಫಿಯೇ. ನಾನು ಅವಳ ಎಡಸೊಂಟದ ಮೇಲೆ ಎಷ್ಟು ಕಾಲ ಕೂತಿದ್ದೆನೆಂದರೆ ಅವಳ ಲಂಗ ಯಾವಾಗಲೂ ಎಡಗಡೆಯೇ ಸವೆಯುತ್ತಿತ್ತು.

ಡೆಲ್ಫಿಗೆ ಹದಿನಾರು ತುಂಬಿದ ಬೇಸಿಗೆಯಲ್ಲಿ ಎದೆಯ ಬೇನೆ ಹಿಡಿಯಿತು. ಕೈಕಾಲು ಊದಿಕೊಂಡವು. ಕೊನೆಗೆ ತಲೆ ಎತ್ತಿ ನೀರು ಕುಡಿಯಲೂ ಆಗಲಿಲ್ಲ. ಅಮ್ಮ ಬಟ್ಟೆ ಒಗೆಯುತ್ತಿದ್ದ ಡಾಕ್ಟರರ ಮನೆಯಲ್ಲಿ ಮುದುಕಿಯೊಬ್ಬಳು ತೀರಿಕೊಂಡಿದ್ದಳು. ಅವಳಿಗೆ ಮಲಗಿದಲ್ಲೇ ಕುಡಿಸುತ್ತಿದ್ದ ಬಟ್ಟಲನ್ನು ಅಮ್ಮನಿಗೆ ಕೊಟ್ಟರು. ಬಿಳಿ ಪಿಂಗಾಣಿ, ಅಂಚಿಗೆ ಒಂದು ನೀಲಿ ಗೆರೆ, ಒಳಲೆಯಂತೆ ಒಂದು ಉದ್ದ ಮೂತಿ. ನಮ್ಮ ಮನೆಯಲ್ಲಿದ್ದ ಒಂದೇ ಒಂದು ಚಂದದ ವಸ್ತು. ಕೊನೆಯ ಇಪ್ಪತ್ತು ದಿನ ಡೆಲ್ಫಿ ಅದರಲ್ಲೇ ಕುಡಿದಳು. ಆಗಸ್ಟಿನಲ್ಲಿ ತೀರಿಕೊಂಡಳು.

ನಮ್ಮ ಕಪ್ಪು ಜನರಲ್ಲಿ ಸತ್ತವರು ಕೊನೆಗೆ ಬಳಸಿದ್ದನ್ನು ಗೋರಿಯ ಮೇಲೆ ಇಡುತ್ತೇವೆ. ದೀಪ, ಚಮಚ, ಲೋಟ, ಹೀಗೆ. ಆದರೆ ಇಡುವ ಮೊದಲು ಒಡೆಯಬೇಕು. ತಳಕ್ಕೆ ಮೊಳೆ ಹೊಡೆದು ತೂತು ಮಾಡಿದರೂ ಸಾಕು. ಒಡೆದರೆ ಸರಪಳಿ ಕಡಿಯಿತು, ಸತ್ತವರು ನೆಮ್ಮದಿಯಾಗಿ ಮುಂದೆ ಹೋಗುತ್ತಾರೆ. ಒಡೆಯದೆ ಇಟ್ಟರೆ ಅವರಿಗೆ ಮನೆಯ ನೆನಪು ಹರಿಯುವುದಿಲ್ಲ. ತಿರುಗಿ ಬಂದು ಮನೆಯ ಇನ್ನೊಬ್ಬರ ಕೈ ಹಿಡಿದು ಕರೆದೊಯ್ಯುತ್ತಾರೆ.

ಅಮ್ಮ ದೀಪದ ಗಾಜು ಒಡೆದಳು. ಚಮಚ ಬಗ್ಗಿಸಿದಳು. ಬಟ್ಟಲು ಕೈಗೆತ್ತಿಕೊಂಡು ತಳಕ್ಕೆ ಮೊಳೆ ಇಟ್ಟಳು, ಕಲ್ಲು ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಜೊತೆಗಿದ್ದವಳು ಪ್ಯಾರಿಲೀ ದೊಡ್ಡಮ್ಮ. ನಮ್ಮ ನೆರೆಯವಳು. ಹಳ್ಳದ ಈ ದಂಡೆಯಲ್ಲಿ ಯಾರು ಸತ್ತರೂ, ಯಾರು ಹುಟ್ಟಿದರೂ ಅವಳ ಅಪ್ಪಣೆ ಬೇಕಿತ್ತು. ಒಡೆದುಬಿಡು ಎಂದು ಅವಳು ಮೂರು ಸಲ ಹೇಳಿದಳು.

"ಮೂತಿ ಮೇಲೆ ಅವಳ ತುಟಿ ಇದೆ ಅಕ್ಕ," ಎಂದಳು ಅಮ್ಮ. ಬಟ್ಟಲನ್ನು ಹಾಗೇ ಇಡಿಯಾಗಿ ಮಣ್ಣಿನ ಮೇಲೆ ಇಟ್ಟು ಎದ್ದು ಬಂದುಬಿಟ್ಟಳು.

ಅಕ್ಟೋಬರಿನಲ್ಲಿ ನನಗೆ ಚಳಿಜ್ವರ ಹಿಡಿಯಿತು. ನಾನು ನಡುಗಿದ ರಭಸಕ್ಕೆ ಗೋಡೆಗೆ ಅಂಟಿಸಿದ್ದ ಹಳೇ ಪೇಪರು ಕಿತ್ತುಬಂತು, ಹಿತ್ತಲಿನ ಮರದಿಂದ ಪೀಕನ್ ಕಾಯಿ ಉದುರಿದವು. ಮೂರು ವಾರವಾದರೂ ಬಿಡಲಿಲ್ಲ. ಪ್ಯಾರಿಲೀ ದೊಡ್ಡಮ್ಮ ಬಂದು ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ.

"ನಾನು ಹೇಳಿರಲಿಲ್ವಾ ಕೆಜಾಯಾ? ಡೆಲ್ಫಿ ಬಂದವ್ಳೆ. ತನ್ನ ಸೊಂಟ ಬರಿದಾಯ್ತು ಅಂತ ತಂಗೀನ ಹುಡುಕ್ತಾವ್ಳೆ."

ಅಮ್ಮ ಸುತ್ತಿಗೆ ಎತ್ತಿಕೊಂಡು ಗೋರಿಗೆ ಓಡಿದಳು. ದೀಪ ಇತ್ತು, ಚಮಚ ಇತ್ತು. ಬಟ್ಟಲು ಇರಲಿಲ್ಲ.

ಆ ಬಟ್ಟಲು ಸಿಕ್ಕಿ ಒಡೆಯುವವರೆಗೆ ನನಗೆ ಉಳಿಗಾಲವಿಲ್ಲ ಎಂದು ಅಮ್ಮ ತೀರ್ಮಾನಿಸಿದಳು. ನನ್ನನ್ನು ಒಬ್ಬಳೇ ಬಿಡಲು ಧೈರ್ಯವಿಲ್ಲದೆ ಬೆನ್ನಿಗೆ ಕಟ್ಟಿಕೊಂಡು ಬಟ್ಟಲು ಹುಡುಕುತ್ತಾ ಹೊರಟಳು. ಒಂಬತ್ತು ವರ್ಷದ ಹುಡುಗಿಯನ್ನು ಬೆನ್ನಿಗೆ ಕಟ್ಟಿಕೊಳ್ಳುವುದೆಂದರೆ ನಾನೆಷ್ಟು ಸವೆದಿದ್ದೆ ನೀನೇ ಲೆಕ್ಕ ಹಾಕು. ಗಾಳಿ ಜೋರಾದಾಗ ಅಮ್ಮ ನನ್ನನ್ನು ಇನ್ನೊಂದು ಗಂಟು ಹಾಕಿ ಬಿಗಿಯುತ್ತಿದ್ದಳು.

ಮೂರನೆಯ ದಿನ ಹಳ್ಳದಾಚೆ ಹೋದೆವು. ಅಲ್ಲಿ ಬಿದ್ದುಹೋಗುತ್ತಿದ್ದ ಒಂದು ಮರದ ಗುಡಿಸಲಿಗೆ ಹೊಸದಾಗಿ ಒಕ್ಕಲು ಬಂದಿತ್ತು. ಸ್ಟೀಗಲ್ ಎಂಬ ಬಿಳಿಯರು, ಬಡಗಣ ಬೆಟ್ಟದ ಕಡೆಯವರು. ಗಂಡ ದೂರದಲ್ಲಿ ಮರ ಕಡಿಯುವ ಕ್ಯಾಂಪಿಗೆ ಹೋಗಿದ್ದ. ಹೆಂಡತಿ ಆರ್ಲೀನಾ, ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇದ್ದೀತು, ಹೊಸ್ತಿಲಲ್ಲಿ ಕೂತಿದ್ದಳು. ನಮ್ಮಷ್ಟೇ ಬಡವಿ. ಕಾಲಿಗೆ ಚಪ್ಪಲಿಯಿಲ್ಲ, ಮೈಮೇಲೆ ಹಿಟ್ಟಿನ ಚೀಲದ ಅಂಗಿ. ತೊಡೆಯ ಮೇಲೆ ಎಳೆಗೂಸು. ಆ ಕೂಸಿನ ಬಾಯಲ್ಲಿ ಡೆಲ್ಫಿಯ ಬಟ್ಟಲಿನ ಮೂತಿ.

ಆ ಕಾಲದಲ್ಲಿ ನಮ್ಮವರು ಬಿಳಿಯರ ಅಂಗಳದಲ್ಲಿ ಕೇಳಬಾರದ ಪ್ರಶ್ನೆ ನೂರಿದ್ದವು. ಅಮ್ಮ ಅದರಲ್ಲಿ ಒಂದನ್ನು ಕೇಳಿದಳು.

"ಅಮ್ಮಾವ್ರೇ, ಆ ಬಟ್ಟಲು ನಿಮಗೆಲ್ಲಿ ಸಿಕ್ತು?"

ಆರ್ಲೀನಾ ಹೆದರಲೂ ಇಲ್ಲ, ರೇಗಲೂ ಇಲ್ಲ. ಗೋರಿ ಬಯಲಿನಲ್ಲಿ ಸಿಕ್ಕಿತು, ಊಟಕ್ಕೆ ಬಂದವರು ಯಾರೋ ಮರೆತು ಹೋಗಿದ್ದರು ಎಂದಳು. ಅವರ ಬೆಟ್ಟದ ಕಡೆ ಒಂದು ಪದ್ಧತಿಯಂತೆ. ವರ್ಷಕ್ಕೊಂದು ಭಾನುವಾರ ಊರಿನವರೆಲ್ಲ ಗೋರಿಗಳ ಕಳೆ ಕಿತ್ತು, ಅಲ್ಲೇ ನೆಲದ ಮೇಲೆ ಬಟ್ಟೆ ಹಾಸಿ, ಸತ್ತವರ ನಡುವೆ ಕೂತು ಊಟ ಮಾಡುತ್ತಾರೆ. ಪ್ರತಿ ಸಲ ಯಾರದ್ದಾದರೂ ಒಂದು ತಟ್ಟೆಯೋ ಬಟ್ಟಲೋ ಅಲ್ಲೇ ಉಳಿದುಬಿಡುತ್ತದೆ. ಸಿಕ್ಕಿದವರು ಒಯ್ದು ಬಳಸಿ ಮುಂದಿನ ವರ್ಷದ ಊಟಕ್ಕೆ ತಂದಿಡುತ್ತಾರೆ.

"ಅಷ್ಟೊಂದು ತಟ್ಟೆ, ಲೋಟ, ದೀಪ. ಎಲ್ಲಾ ಒಡೆದುಹೋಗಿದ್ವು," ಎಂದಳು. "ಊಟದಲ್ಲಿ ದೊಡ್ಡ ಜಗಳಾನೇ ಆಗಿರ್ಬೇಕು ಅನ್ಕೊಂಡೆ. ಇದೊಂದು ನೆಟ್ಟಗಿತ್ತು."

"ಅದು ನನ್ನ ಸತ್ತ ಮಗಳದು," ಎಂದಳು ಅಮ್ಮ.

ಆರ್ಲೀನಾಳ ಮುಖ ಸುಣ್ಣವಾಯಿತು. ಕೂಸಿನ ಬಾಯಿಂದ ಬಟ್ಟಲು ತೆಗೆದು ಎರಡೂ ಕೈಯಲ್ಲಿ ಮುಂದೆ ಚಾಚಿದಳು. ಆಗ ನಮಗೆ ಕೂಸಿನ ಮುಖ ಕಂಡಿತು. ಸೀಳುತುಟಿ. ಒಳಗೆ ಅಂಗುಳವೂ ಸೀಳಿತ್ತು. ಅಳುವಾಗ ಬಿರುಕು ಬಿಟ್ಟ ಕೊಳಲಿನಂಥ ಸದ್ದು. ಅದಕ್ಕೆ ಮೊಲೆ ಚೀಪಲು ಬರುತ್ತಿರಲಿಲ್ಲ. ಚಮಚದಲ್ಲಿ ಕುಡಿಸಿದರೆ ಮೂಗಿನಿಂದ ಹೊರಗೆ ಬರುತ್ತಿತ್ತು. ಈ ಬಟ್ಟಲಿನ ಉದ್ದ ಮೂತಿ ಮಾತ್ರ ಸೀಳು ದಾಟಿ ನಾಲಿಗೆಯ ಹಿಂಬದಿಗೆ ಹೋಗುತ್ತಿತ್ತು. ಬಟ್ಟಲು ಸಿಕ್ಕ ದಿನದಿಂದ ಕೂಸು ಜೀವ ಹಿಡಿದಿತ್ತು.

ಅಮ್ಮನ ಕೈ ಬಟ್ಟಲಿನವರೆಗೂ ಹೋಯಿತು. ಸುತ್ತಿಗೆ ಅವಳ ಸೊಂಟದಲ್ಲೇ ಇತ್ತು. ಬೆನ್ನ ಮೇಲೆ ನಾನಿದ್ದೆ, ಕೆಂಡದ ಹಾಗೆ. ಅವಳ ಬೆನ್ನು ಒಮ್ಮೆ ನಡುಗಿದ್ದು ನನ್ನ ಹೊಟ್ಟೆಗೆ ಗೊತ್ತಾಯಿತು. ಅದು ನನ್ನ ಜ್ವರದ ನಡುಕವಲ್ಲ, ಅವಳದ್ದೇ.

"ಅದ್ರಲ್ಲಿ ಏನ್ ಕುಡಿಸ್ತಿದೀರ?" ಎಂದಳು ಕೊನೆಗೆ.

ಹಿಟ್ಟು ಕದಡಿದ ಸಕ್ಕರೆ ನೀರು. ಚೀಪುವವರಿಲ್ಲದೆ ಆರ್ಲೀನಾಳ ಹಾಲು ಬತ್ತಿತ್ತು.

"ನಮ್ಮನೇಲಿ ಒಂದು ಆಡಿದೆ," ಎಂದು ಹೇಳಿ ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

ನಮ್ಮ ಆಡಿನ ಹೆಸರು ಜೆಜೆಬೆಲ್. ನೋಹನ ಹಡಗಿನಿಂದ ಇಳಿದದ್ದೇ ಸೀದಾ ನಮ್ಮ ಹಿತ್ತಲಿಗೆ ಬಂದಿದ್ದು ಅದು. ಭಜನೆ ಹಾಡಿದರೆ ಮಾತ್ರ ಹಾಲು ಕೊಡುತ್ತಿತ್ತು, ರಾಗ ತಪ್ಪಿದರೆ ಒದೆಯುತ್ತಿತ್ತು. ಅಮ್ಮ ದಿನಾ ಬೆಳಗ್ಗೆ ಅರ್ಧ ಹಾಲು ನನಗಿಟ್ಟು ಉಳಿದದ್ದನ್ನು ಹಳ್ಳದಾಚೆ ಒಯ್ಯತೊಡಗಿದಳು. ಮೊದಮೊದಲು ಹಿತ್ತಲ ಬಾಗಿಲಲ್ಲಿ ಹಾಲು ಕೊಟ್ಟು ಬರುತ್ತಿದ್ದಳು. ಆಮೇಲೆ, ಕೂಸನ್ನು ಹೀಗೆ ನೆಟ್ಟಗೆ ಕೂರಿಸಿಕೊಳ್ಳಬೇಕು, ನೆತ್ತಿಗೇರದ ಹಾಗೆ ಹನಿಹನಿಯಾಗಿ ಬಗ್ಗಿಸಬೇಕು ಎಂದು ತೋರಿಸಲು ಒಳಗೆ ಹೋದಳು. ಡೆಲ್ಫಿಗೆ ಕುಡಿಸಿ ಪಳಗಿದ ಕೈ ಅದು. ಕೂಸಿನ ಹೆಸರು ಐವಾ. ಅಮ್ಮನ ಕೈಯಲ್ಲಿ ಕುಡಿಯುವಾಗ ಅದರ ಮುಖದಲ್ಲಿ ಇದ್ದಷ್ಟೂ ತುಟಿ ನಗುತ್ತಿತ್ತು.

ತಿರುಗಿ ಕೊಡುವುದಕ್ಕೆ ಆರ್ಲೀನಾಳ ಬಳಿ ಏನೂ ಇರಲಿಲ್ಲ. ಆದರೆ ಬೆಟ್ಟದವಳು, ಗಿಡಮೂಲಿಕೆ ಬಲ್ಲವಳು. ಡಾಗ್‌ವುಡ್ ಮರದ ತೊಗಟೆ ಕುದಿಸಿ ನನಗೆ ಕಷಾಯ ಮಾಡಿಕೊಟ್ಟಳು. ಅದು ಎಷ್ಟು ಕಹಿ ಎಂದರೆ ಜ್ವರ ನನ್ನ ಮೈ ಬಿಟ್ಟು ಓಡಿಹೋಯಿತು, ಅದರ ಹಿಂದೆ ನಾನೂ ಓಡುವವಳೇ, ಅಮ್ಮ ಹಿಡಿದುಕೊಂಡಿದ್ದರಿಂದ ಉಳಿದೆ. ಹತ್ತು ದಿನದಲ್ಲಿ ಎದ್ದು ಕೂತೆ.

ಅಮ್ಮನ ಹೆದರಿಕೆ ಮಾತ್ರ ಹೋಗಲಿಲ್ಲ. ಬಟ್ಟಲು ಇನ್ನೂ ಇಡಿಯಾಗಿತ್ತಲ್ಲ. ನಾನು ಕೆಮ್ಮಿದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಬಂದು ಹಣೆ ಮುಟ್ಟುತ್ತಿದ್ದಳು. ಪ್ಯಾರಿಲೀ ದೊಡ್ಡಮ್ಮ ಸುಮ್ಮನಿರುವವಳೇ?

"ಮಗಳ ಬಟ್ಟಲು ಬಿಳಿ ಕೂಸಿನ ಬಾಯಲ್ಲಿ. ಹಾಲೂ ನಿಂದೇ. ಇನ್ನು ತೊಟ್ಟಿಲು ತೂಗೋದೊಂದು ಬಾಕಿ," ಎಂದು ಚುಚ್ಚಿದಳು. "ಡೆಲ್ಫಿ ಬರಿಗೈಲಿ ವಾಪಸ್ ಹೋಗೋಳಲ್ಲ, ನೋಡ್ತಿರು."

"ಬರ್ಲಿ. ಬಾಗ್ಲಲ್ಲಿ ನಾನೇ ಕೂತಿರ್ತೀನಿ," ಎಂದಳು ಅಮ್ಮ. ಹಾಗೆಂದ ಮೇಲೆ ನಿಜವಾಗಿಯೂ ಬಾಗಿಲಲ್ಲೇ ಕೂತು ಬಟ್ಟೆಗೆ ತೇಪೆ ಹಾಕುತ್ತಿದ್ದಳು.

ಚಳಿಗಾಲ ಹೇಗೋ ದಾಟಿತು. ಮಾರ್ಚಿನಲ್ಲಿ ಮಳೆ ಹಿಡಿಯಿತು. ನಮ್ಮ ಕಪ್ಪು ಮಣ್ಣಿನ ಕೆಸರು ನಿನಗೆ ಗೊತ್ತಲ್ಲ. ಧಣಿಯ ಹೇಸರಗತ್ತೆ ಅದರಲ್ಲಿ ಕಾಲಿಟ್ಟು, ಎತ್ತಿಕೊಂಡಾಗ ಗೊರಸು ಅಲ್ಲೇ ಉಳಿದು, ಅದು ಬರೀ ಕಾಲ್ಚೀಲದಲ್ಲಿ ಮನೆಗೆ ಹೋಯಿತು. ಹಳ್ಳ ಉಕ್ಕಿ ಪೇಟೆ ಕಡೆಯ ಸೇತುವೆ ಕೊಚ್ಚಿಕೊಂಡು ಹೋಯಿತು. ಸ್ಟೀಗಲರ ಕಡೆ ದಾಟುವ ಮರದ ದಿಮ್ಮಿ ಮಾತ್ರ ಉಳಿದಿತ್ತು. ಆ ಥಂಡಿಗೆ ಐವಾಳ ಎದೆ ಕಟ್ಟಿತು. ಅಮ್ಮ ಮೂರು ದಿನ ಅಲ್ಲಿಗೆ ಹೋಗಿ ಎದೆಗೆ ಬಿಸಿ ಕೊಟ್ಟಳು, ಈರುಳ್ಳಿ ಸುಟ್ಟು ಕಟ್ಟಿದಳು. ನಾಲ್ಕನೆಯ ದಿನ ಹೊರಡುವಷ್ಟರಲ್ಲಿ ಆರ್ಲೀನಾಳೇ ನಮ್ಮ ಅಂಗಳಕ್ಕೆ ಬಂದಳು.

ಹಾಡುಹಗಲು. ದಾರಿಯಲ್ಲಿ ಯಾರಾದರೂ ನೋಡಬಹುದಾಗಿತ್ತು. ಅವಳು ನೇರ ಮುಂಬಾಗಿಲಿಗೆ ಬಂದಳು. ಮೊಣಕಾಲುದ್ದ ಕೆಸರು. ಒಂದು ಕೈಯಲ್ಲಿ ಬಟ್ಟೆ ಸುತ್ತಿದ ಕೂಸು, ಒಂದು ಕೈಯಲ್ಲಿ ಬಟ್ಟಲು. ತೊಳೆದು ಒರೆಸಿದ್ದಳು. ಕೂಸಿನ ಮುಖದ ಮೇಲೂ ಬಟ್ಟೆ ಮುಚ್ಚಿತ್ತು.

"ಮಿಸೆಸ್ ಲಾಕೆಟ್," ಎಂದಳು, "ನಿಮ್ಮ ಬಟ್ಟಲು ತಂದಿದೀನಿ."

ಪ್ಯಾರಿಲೀ ದೊಡ್ಡಮ್ಮ ಅಲ್ಲೇ ಮೆಟ್ಟಿಲ ಮೇಲಿದ್ದಳು. ಬಿಳಿಯ ಹೆಂಗಸೊಬ್ಬಳು ನಮ್ಮವಳನ್ನು ಮಿಸೆಸ್ ಎಂದು ಕರೆದದ್ದನ್ನು ಅವಳು ಅರವತ್ತು ವರ್ಷದಲ್ಲಿ ಕೇಳಿರಲಿಲ್ಲ. ನಾವು ಅವರ ಬಾಯಲ್ಲಿ ಬರೀ ಹೆಸರು, ಇಲ್ಲವೇ 'ಏ ಮುದುಕಿ'. ದೊಡ್ಡಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ನೊಣವೊಂದು ಒಳಗೆ ಹೋಗಿ ಎಲ್ಲ ನೋಡಿಕೊಂಡು ಹೊರಗೆ ಬಂತು.

ಅಮ್ಮ ಬಟ್ಟಲು ಇಸಿದುಕೊಳ್ಳಲಿಲ್ಲ. ಕೂಸನ್ನು ಇಸಿದುಕೊಂಡಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅಮ್ಮ ಕೂಸಿನ ಮುಖದ ಬಟ್ಟೆ ಸರಿಸಿ ನೋಡಿ ಮತ್ತೆ ಮುಚ್ಚಿದಳು. ಆಮೇಲೆ ಆರ್ಲೀನಾ, ನಮ್ಮ ಜನರ ಪದ್ಧತಿ ತನಗೆ ಗೊತ್ತಾಗಿದೆ ಎಂದಳು. ಯಾರೋ ಹೇಳಿದ್ದರಂತೆ. ಯಾರು ಎಂದು ಕೇಳುವ ಅಗತ್ಯವಿರಲಿಲ್ಲ, ದೊಡ್ಡಮ್ಮ ನೆಲ ನೋಡುತ್ತಿದ್ದಳು.

"ಒಂದ್ ಮಾತು ಕೇಳ್ತೀನಿ, ನಿಜ ಹೇಳಿ. ನಿಮ್ಮ ಮಗಳು ಬಂದು ಕರ್ಕೊಂಡು ಹೋದ್ಲಾ?"

ಅಮ್ಮ ಸುಳ್ಳು ಹೇಳಬಹುದಾಗಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ, ಚಂದದ ಸುಳ್ಳು.

"ಗೊತ್ತಿಲ್ಲ," ಎಂದಳು. "ಒಡೀಬೇಕಾಗಿತ್ತು ನಾನು. ಮೊದ್ಲು ಕೈ ಬರ್ಲಿಲ್ಲ. ಆಮೇಲೆ ಕೂಸಿನ ಬಾಯಿ ಅದ್ರಲ್ಲಿತ್ತು. ಇವಳು ಉಳಿದ್ಲು," ಎಂದು ನನ್ನ ಕಡೆ ನೋಡಿ ಮಾತು ನಿಲ್ಲಿಸಿದಳು. ಅವಳು ಮುಂದೆ ಹೇಳಲಾರದೆ ಹೋದದ್ದು ನನಗೆ ಆಗಲೇ ತಿಳಿಯಿತು. ನನ್ನ ಪಾಲಿನ ಸಾವನ್ನು ಐವಾ ತೆಗೆದುಕೊಂಡು ಹೋದಳು ಎಂದು. ಎಪ್ಪತ್ತು ವರ್ಷವಾಯಿತು, ನನಗದು ಇನ್ನೂ ಕೇಳುತ್ತದೆ.

ಆರ್ಲೀನಾ ತಲೆಯಾಡಿಸಿದಳು. "ಅವತ್ತೇ ಒಡೆದಿದ್ರೆ ಅವತ್ತೇ ಹೋಗ್ತಿತ್ತು. ಐದು ತಿಂಗ್ಳು ನಂಗೆ ಸಿಕ್ತು." ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು, "ನಿಮ್ ಮಗಳಿಗೆ ಕೂಸು ಎತ್ಕೊಳ್ಳೋಕೆ ಬರತ್ತಾ?"

"ಟೆಂಪಿನ ಸೊಂಟದಿಂದ ಇಳಿಸ್ತಾನೇ ಇರ್ಲಿಲ್ಲ."

"ಹಂಗಾದ್ರೆ ಅವಳ ಪಕ್ಕದಲ್ಲೇ ಇಡಿ."

ಬಿಳಿಯರ ಚರ್ಚು ಪೇಟೆ ಕಡೆ ಎಂಟು ಮೈಲಿ, ಸೇತುವೆ ಇಲ್ಲ. ಅದು ನಿಜ. ಆದರೆ ಬಿಳಿ ಕೂಸನ್ನು ನಮ್ಮ ಗೋರಿ ಬಯಲಿನಲ್ಲಿ ಹೂತದ್ದು ಗೊತ್ತಾದರೆ ನಮ್ಮ ಚರ್ಚು ಸುಡುತ್ತಿದ್ದರು, ಅಲ್ಲಿಗೂ ನಿಲ್ಲಿಸುತ್ತಿರಲಿಲ್ಲ. ಅಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯ ಅಂಚು ಮಡಿಸುತ್ತಾ ಕೂತಳು. ಕೊನೆಗೆ ಬಾಯಿ ಬಿಟ್ಟವಳು, ಯಾರು ಅಂದುಕೊಂಡೆ, ಪ್ಯಾರಿಲೀ ದೊಡ್ಡಮ್ಮ.

"ಮೇಲೆ ಒಂದು ಒಡಕು ಚೂರು ಇಟ್ರೆ ನಮ್ಮೋರ ಗೋರಿ ಅನ್ಕೊಂಡು ಹೋಗ್ತಾರೆ. ನಮ್ಮ ಗೋರಿ ಯಾವ ಬಿಳಿಯ ಬಗ್ಗಿ ನೋಡಿದ್ದಾನೆ?" ಎಂದು ಎದ್ದು ಗುದ್ದಲಿ ತರಲು ಹೋದಳು.

ಆ ಮಧ್ಯಾಹ್ನ ಮೂವರೂ ಸೇರಿ ಅಗೆದರು. ಮಣ್ಣು ಒದ್ದೆಯಾಗಿತ್ತು, ಗುದ್ದಲಿ ಬಿಡುತ್ತಿರಲಿಲ್ಲ. ಐವಾಳನ್ನು ಡೆಲ್ಫಿಯ ಎಡಗಡೆ ಇಟ್ಟರು. ಎಡಗಡೆ ಎಂದು ಹೇಳಿದವಳು ನಾನು. ಆಮೇಲೆ ಅಮ್ಮ ಬಟ್ಟಲು ಬೋರಲಾಗಿಟ್ಟು ಮೊಳೆ ಇಟ್ಟಳು, ಕಲ್ಲು ಎತ್ತಿದಳು. ಆಗಸ್ಟಿನ ಹಾಗೆಯೇ ಕೈ ಅಲ್ಲೇ ನಿಂತಿತು. ಆರ್ಲೀನಾ ಅವಳ ಕೈಯ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಒಟ್ಟಿಗೆ ಹೊಡೆದರು. ತಳ ಒಡೆಯಿತು, ಮೂತಿಯೂ ಬುಡಸಮೇತ ಕಿತ್ತು ಕೆಸರಿಗೆ ಬಿತ್ತು. ಬಟ್ಟಲನ್ನು ಡೆಲ್ಫಿಯ ಮೇಲೆ ಇಟ್ಟರು. ಮೂತಿಯನ್ನು ಐವಾಳ ಮೇಲೆ.

ಹೊರಡೋಣವೆಂದು ಅಮ್ಮ ಎದ್ದಳು. ಆರ್ಲೀನಾ ಏಳಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಒದ್ದೆ ನೆಲದ ಮೇಲೆ ಹಾಸಿದಳು. ಅಂಗಿಯ ಜೇಬಿನಿಂದ ಮೆಕ್ಕೆಜೋಳದ ರೊಟ್ಟಿಯ ತುಂಡು ತೆಗೆದಳು, ಅಂಗೈಯಗಲದ್ದು. ಅದನ್ನು ನಾಲ್ಕು ಮಾಡಿ ಬಟ್ಟೆಯ ಮೇಲಿಟ್ಟಳು.

"ನಮ್ಮಲ್ಲಿ ಇಲ್ಲಿಂದ ಉಣ್ಣದೆ ಹೋಗಲ್ಲ," ಎಂದಳು.

ಬಿಳಿಯರೂ ನಾವೂ ಒಂದೇ ಬಟ್ಟೆಯ ಮೇಲೆ ಕೂತು ಉಂಡರೆ ಆಗ ಜೈಲಿಗೆ ಹಾಕುತ್ತಿದ್ದರೋ ಮರಕ್ಕೆ ನೇತುಹಾಕುತ್ತಿದ್ದರೋ ನನಗೆ ಗೊತ್ತಿಲ್ಲ. ಅಮ್ಮ ಸುತ್ತ ಒಮ್ಮೆ ನೋಡಿ ಕೂತಳು. ದೊಡ್ಡಮ್ಮ ಕೂತಳು. ನಾನೂ ಕೂತೆ. ರೊಟ್ಟಿಯಲ್ಲಿ ಉಪ್ಪಿರಲಿಲ್ಲ. ಯಾರಿಗೂ ಅದು ಬೇಕಾಗಲೂ ಇಲ್ಲ, ಎಲ್ಲರ ಮುಖದಿಂದ ಇಳಿಯುತ್ತಲೇ ಇತ್ತು.

ಎರಡು ವಾರ ಕಳೆದ ಮೇಲೆ ಗಂಡ ಬಂದ. ಧಣಿ ಅವರನ್ನು ಬೇರೆ ಕಡೆಗೆ ಎಬ್ಬಿಸಿದ. ಗಾಡಿ ನಮ್ಮ ಮನೆ ಮುಂದೆಯೇ ಹೋಯಿತು. ಧಣಿಯ ಮೇಸ್ತ್ರಿ ಗಾಡಿಯ ಮುಂದೆ ಕೂತಿದ್ದರಿಂದ ಆರ್ಲೀನಾ ಕೈ ಬೀಸಲಿಲ್ಲ, ಈ ಕಡೆ ತಿರುಗಲೂ ಇಲ್ಲ. ಮಡಿಲಲ್ಲಿ ಎರಡೂ ಅಂಗೈ ಸೇರಿಸಿ ಬಟ್ಟಲಿನ ಹಾಗೆ ಹಿಡಿದಿದ್ದಳು, ತಿರುವು ದಾಟುವವರೆಗೂ. ಅಮ್ಮ ಒಗೆಯುವ ಬಾನಿಯ ಮುಂದೆ ನಿಂತು ನೋಡಿದಳು. ಆಮೇಲೆ ಆರ್ಲೀನಾಳ ಸುದ್ದಿಯೇ ಇಲ್ಲ. ಅಮ್ಮ ಸಾಯುವವರೆಗೂ ಅಮ್ಮನನ್ನು ಮಿಸೆಸ್ ಲಾಕೆಟ್ ಎಂದ ಬಿಳಿ ಬಾಯಿ ಅದೊಂದೇ.

ಈಗ ಆ ಗುಟ್ಟು ತಿಳಿದವರಲ್ಲಿ ಉಳಿದಿರುವವಳು ನಾನೊಬ್ಬಳೇ. ಅಲ್ಲ, ಈಗ ನೀನೂ ಇದ್ದೀಯಲ್ಲ. ಕತೆ ಪುಕ್ಕಟೆ ಅಂದುಕೊಂಡೆಯಾ? ಆ ಎರಡು ಗೋರಿಯ ಮೇಲೆ ಹುಲ್ಲು ಮೊಣಕಾಲಿನವರೆಗೆ ಬೆಳೆದಿದೆ, ಮೂತಿ ಮಣ್ಣಲ್ಲಿ ಹೂತು ತುದಿ ಮಾತ್ರ ಕಾಣುತ್ತದೆ. ನನ್ನ ಮಂಡಿ ಬಗ್ಗುವುದಿಲ್ಲ. ಗುದ್ದಲಿ ಬಾಗಿಲ ಹಿಂದಿದೆ, ಹಿಡಿ ಸಡಿಲವಾಗಿದೆ, ಹೋಗುವ ಮುಂಚೆ ಅದನ್ನೊಂದು ಬಿಗಿ ಮಾಡು. ಶನಿವಾರ ಬೆಳಗ್ಗೆ ಬಾ. ಹಾಸಲು ಒಂದು ಬಟ್ಟೆ ತಾ, ರೊಟ್ಟಿ ನಿನ್ನದು, ಉಪ್ಪು ಮರೆಯಬೇಡ. ಅಲಸಂದೆ ನಾನು ಬೇಯಿಸಿ ತರುತ್ತೇನೆ. ಮತ್ತೆ ಇಷ್ಟೊಂದು ಸುಲಿಸಿದ್ದು ಯಾಕೆ ಅಂದುಕೊಂಡೆ?